ಡ್ರಾಯರ್‌ನಲ್ಲಿ ಮಲಗಿದ ಬ್ಯಾಡ್ಜ್: ಆಸ್ಪತ್ರೆ ಸಿಬ್ಬಂದಿಯ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ ಸೀಟಿ ಸ್ಕ್ಯಾನ್ ಬಗ್ಗೆ ರೋಗಿಗಳು ಕೇಳಿದ ಪ್ರಶ್ನೆಗಳಿಗೆ ಉತ್ತರಿಸಿದ್ದೆ. ಅದನ್ನು ಓದಿ ಈ ಸಲ ಆಸ್ಪತ್ರೆಗಳಲ್ಲಿ ದುಡಿಯುವವರೇ ಬರೆದಿದ್ದಾರೆ. "ರೋಗಿ ಒಂದ್ಸಲ ಬಂದು ಹೋಗ್ತಾನೆ, ನಾವು ದಿನಾ ಅಲ್ಲೇ ನಿಂತಿರ್ತೀವಿ, ನಮ್ಮ ಗತಿ ಏನು?" ಅಂತ ಒಬ್ಬರು ಕೇಳಿದ್ದಾರೆ. ನ್ಯಾಯವಾದ ಮಾತು. ನಿವೃತ್ತಿಯಾಗುವ ತನಕ ನಾನು ಕ್ಯಾನ್ಸರ್ ಆಸ್ಪತ್ರೆಯೊಂದರಲ್ಲಿ ರೇಡಿಯೇಶನ್ ಸೇಫ್ಟಿ ಆಫೀಸರ್, ಅಂದರೆ ವಿಕಿರಣ ಸುರಕ್ಷತೆ ನೋಡಿಕೊಳ್ಳುವ ಅಧಿಕಾರಿ, ಆಗಿದ್ದವಳು. ಈ ಪತ್ರಗಳಲ್ಲಿರುವ ಭಯವೂ ಗೊತ್ತು, ಸಿಟ್ಟೂ ಗೊತ್ತು. ಹಾಗಾಗಿ ಈ ಸಂಚಿಕೆಯ ಅಂಕಣ ಪೂರ್ತಿ ಅವರಿಗೇ. ಹೆಸರು, ಆಸ್ಪತ್ರೆ ಹಾಕಬೇಡಿ ಅಂತ ಕೇಳಿಕೊಂಡಿದ್ದಾರೆ, ಹಾಕಿಲ್ಲ.

ಪ್ರಶ್ನೆ: ನಾನು ಡಯಾಗ್ನೋಸ್ಟಿಕ್ ಸೆಂಟರ್ ಒಂದರಲ್ಲಿ ಎಕ್ಸ್‌ರೇ ಟೆಕ್ನಿಶಿಯನ್. ದಿನಕ್ಕೆ 40-50 ಎಕ್ಸ್‌ರೇ ತೆಗೆಯುತ್ತೇನೆ. ನನ್ನ ಹೆಸರಿಗೆ, ಮೈಗೆ ತಗಲಿದ ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಬರುತ್ತದೆ. ಆದರೆ ಮಾಲೀಕರು ಅದನ್ನು ಡ್ರಾಯರ್‌ನಲ್ಲೇ ಇಟ್ಟಿರುತ್ತಾರೆ. "ರೀಡಿಂಗ್ ಜಾಸ್ತಿ ಬಂದರೆ ಸೆಂಟರ್‌ಗೆ ಬೀಗ ಬೀಳುತ್ತೆ" ಅನ್ನುತ್ತಾರೆ. ಮೂರು ತಿಂಗಳಾದ ಮೇಲೆ ಬ್ಯಾಡ್ಜ್ ಹಾಗೇ ವಾಪಸ್ ಹೋಗುತ್ತದೆ. ನಾನೇನು ಮಾಡಲಿ?
(ಎಕ್ಸ್‌ರೇ ಟೆಕ್ನಿಶಿಯನ್, ತುಮಕೂರು ಜಿಲ್ಲೆ)

ಉತ್ತರ: ಮೊದಲು ಭಯದ ವಿಷಯ ಮುಗಿಸೋಣ. ನೀವು ಲೆಡ್ (ಸೀಸ) ತಡೆಯ ಹಿಂದೆ ನಿಂತು ಬಟನ್ ಒತ್ತುತ್ತೀರಿ, ಕೋಣೆಗೆ ಸರಿಯಾದ ದಪ್ಪದ ಗೋಡೆ ಇದೆ, ಬಾಗಿಲು ಹಾಕಿಕೊಂಡೇ ಎಕ್ಸ್‌ಪೋಶರ್ ಕೊಡುತ್ತೀರಿ ಅಂತಾದರೆ ನಿಮ್ಮ ಮೈಗೆ ತಗಲುವುದು ತೀರಾ ಕಡಿಮೆ. ಇಂಥ ಕೆಲಸ ಮಾಡುವವರ ಡೋಸ್, ಅಂದರೆ ಮೈಗೆ ತಗಲಿದ ವಿಕಿರಣದ ಪ್ರಮಾಣ, ಸಾಮಾನ್ಯವಾಗಿ ವರ್ಷಕ್ಕೆ 1 ಮಿಲಿಸೀವರ್ಟ್ (ಅದನ್ನು ಅಳೆಯುವ ಮಾನ) ಕೂಡ ದಾಟುವುದಿಲ್ಲ. ನೆಲ, ಗಾಳಿ, ಊಟ, ಆಕಾಶದಿಂದ ಭೂಮಿಯ ಮೇಲಿನ ಪ್ರತಿಯೊಬ್ಬರಿಗೂ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ವಿಕಿರಣ ಸಿಗುತ್ತಲೇ ಇರುತ್ತದೆ. ನಮ್ಮ ದೇಶದಲ್ಲಿ ವಿಕಿರಣ ಕೆಲಸಗಾರರಿಗೆ ಇಟ್ಟಿರುವ ಮಿತಿ 5 ವರ್ಷಕ್ಕೆ ಒಟ್ಟು 100 ಮಿಲಿಸೀವರ್ಟ್. ಅದರಲ್ಲಿ ಯಾವುದೇ ಒಂದು ವರ್ಷ 30 ದಾಟಬಾರದು.

ಆದರೆ "ಕಡಿಮೆ ಇರುತ್ತೆ" ಅಂತ ನಾನು ಹೇಳುವುದು ಊಹೆ. ನಿಮ್ಮ ಕೋಣೆಯನ್ನು ನಾನು ನೋಡಿಲ್ಲ. ಬಾಗಿಲಿನ ಲೆಡ್ ಶೀಟ್ ಸರಿಯಾಗಿದೆಯೋ, ಎದೆಯ ಎಕ್ಸ್‌ರೇಗೆ ರೋಗಿಯನ್ನು ನಿಲ್ಲಿಸುವ ಚೆಸ್ಟ್ ಸ್ಟ್ಯಾಂಡ್ ನೀವು ಬಟನ್ ಒತ್ತುವ ಪ್ಯಾನೆಲ್ ಕಡೆಗೇ ಇದೆಯೋ ಗೊತ್ತಿಲ್ಲ. ಅದನ್ನು ಹೇಳಬೇಕಾದದ್ದು ಆ ಬ್ಯಾಡ್ಜ್. ಅದನ್ನೇ ಡ್ರಾಯರ್‌ಗೆ ಹಾಕಿದ್ದಾರೆ.

ಒಂದು ಸಲ ಅದನ್ನು ಕೈಯಲ್ಲಿ ಹಿಡಿದು ನೋಡಿ. ಪ್ಲಾಸ್ಟಿಕ್ ಕ್ಯಾಸೆಟ್ ಒಳಗೆ ಒಂದು ತೆಳು ಲೋಹದ ಕಾರ್ಡ್ ಇರುತ್ತದೆ. ಅದಕ್ಕೆ ಬಟ್ಟೆಯ ಗುಂಡಿಯಷ್ಟಗಲದ ಮೂರು ಬಿಳಿ ಬಿಲ್ಲೆ ಸಿಕ್ಕಿಸಿರುತ್ತಾರೆ. ಡಿಸ್‌ಪ್ರೋಸಿಯಂ ಬೆರೆಸಿದ ಕ್ಯಾಲ್ಸಿಯಂ ಸಲ್ಫೇಟನ್ನು ಟೆಫ್ಲಾನ್‌ನಲ್ಲಿ ಸೇರಿಸಿ ಮಾಡಿದ ಬಿಲ್ಲೆ ಅದು. ಒಂದರ ಮೇಲೆ ತಾಮ್ರ ಮತ್ತು ಅಲ್ಯೂಮಿನಿಯಂ ಫಿಲ್ಟರ್, ಇನ್ನೊಂದರ ಮೇಲೆ ಪ್ಲಾಸ್ಟಿಕ್, ಮೂರನೆಯದು ತೆರೆದೇ ಇರುತ್ತದೆ. ತಗಲಿದ ವಿಕಿರಣದ ಶಕ್ತಿಯನ್ನು ಬಿಲ್ಲೆ ಒಳಗೇ ಹಿಡಿದಿಟ್ಟುಕೊಳ್ಳುತ್ತದೆ. ಲ್ಯಾಬ್‌ನಲ್ಲಿ ಕಾಯಿಸಿದಾಗ ಅದು ಬೆಳಕಾಗಿ ಹೊರಬರುತ್ತದೆ. ಆ ಬೆಳಕು ಎಷ್ಟು ಅನ್ನುವುದರ ಮೇಲೆ ನಿಮ್ಮ ಡೋಸ್ ಲೆಕ್ಕ. ಮನೆಯ ಕರೆಂಟ್ ಮೀಟರ್ ಇದ್ದ ಹಾಗೆ ಇದು. ಯಾರನ್ನೂ ಕಾಪಾಡುವುದಿಲ್ಲ, ಎಷ್ಟು ಹರಿಯಿತು ಅನ್ನುವ ಲೆಕ್ಕ ಇಡುತ್ತದೆ. ಎದೆಯ ಮಟ್ಟದಲ್ಲಿ ಹಾಕಬೇಕು. ಲೆಡ್ ಏಪ್ರನ್ ಹಾಕಿದಾಗ ಏಪ್ರನ್ ಒಳಗೆ ಇರಬೇಕು. ಬಿಸಿಲಲ್ಲಿ ನಿಂತ ಸ್ಕೂಟರ್‌ನ ಡಿಕ್ಕಿಯಲ್ಲಿ ಇಡಬಾರದು. ಕೆಲಸ ಮುಗಿದ ಮೇಲೆ ಎಕ್ಸ್‌ರೇ ಕೋಣೆಯಿಂದ ದೂರ, ಹೋಲಿಸಿ ನೋಡಲು ಯಾರೂ ಧರಿಸದೆ ಇಡುವ ಕಂಟ್ರೋಲ್ ಬ್ಯಾಡ್ಜ್ ಇರುವ ಜಾಗದಲ್ಲೇ ಇಡಬೇಕು. ಕೆಲವು ಕಡೆ ಎಕ್ಸ್‌ರೇ ಕೋಣೆಯೊಳಗೇ ಮೊಳೆಗೆ ನೇತುಹಾಕಿರುತ್ತಾರೆ. ಅದು ಇನ್ನೊಂದು ತಪ್ಪು. ಗೋಡೆಗೆ ತಗಲಿದ ಡೋಸ್ ನಿಮ್ಮ ಹೆಸರಿಗೆ ಬರೆದುಕೊಳ್ಳುತ್ತದೆ.

ಈಗ ಬೀಗದ ಮಾತು. ಮೂರು ತಿಂಗಳಲ್ಲಿ ಒಬ್ಬರ ರೀಡಿಂಗ್ 10 ಮಿಲಿಸೀವರ್ಟ್ ದಾಟಿದರೆ ಯಾಕೆ ಹೀಗಾಯಿತು ಅಂತ ವಿಚಾರಣೆ ನಡೆಯುತ್ತದೆ. ಎಲ್ಲಿ ನಿಂತಿದ್ದಿರಿ, ಬ್ಯಾಡ್ಜ್ ಎಲ್ಲಿತ್ತು, ಏಪ್ರನ್ ಮೇಲೆ ಹಾಕಿದ್ದಿರಾ ಅಂತ ಕೇಳುತ್ತಾರೆ. ಒಂದು ರೀಡಿಂಗ್ ಏರಿತು ಅಂತ ಮಾರನೇ ದಿನ ಸೆಂಟರ್ ಮುಚ್ಚಿಸುವುದಿಲ್ಲ. ಕೋಣೆಯಲ್ಲಿ ಲೋಪ ಇದ್ದರೆ ಅದು ಹೊರಗೆ ಬರುತ್ತದೆ, ಸರಿ ಮಾಡಲು ಖರ್ಚಾಗುತ್ತದೆ. ಮಾಲೀಕರಿಗೆ ಇರುವ ಆತಂಕ ಇದೇ ಅಂತ ನನ್ನ ಅನಿಸಿಕೆ.

ನನ್ನನ್ನು ಹೆಚ್ಚು ಕಾಡುವುದು ಬೇರೆ. ನಿಮ್ಮ ಟಿಎಲ್‌ಡಿ ನಂಬರ್ ಕೆಲಸ ಬದಲಾಯಿಸಿದರೂ ಬದಲಾಗುವುದಿಲ್ಲ. ದೇಶದ ಡೋಸ್ ದಾಖಲೆಯಲ್ಲಿ ನಿಮ್ಮ ಹೆಸರಿನ ಮುಂದೆ ಮೂರು ತಿಂಗಳಿಗೊಂದು ಸಾಲು ಸೇರುತ್ತಾ ಹೋಗುತ್ತದೆ. ಡ್ರಾಯರ್‌ನಲ್ಲಿದ್ದ ಬ್ಯಾಡ್ಜ್ ಪ್ರತಿಸಲ ಸೊನ್ನೆ ತೋರಿಸುತ್ತದೆ. ದುಡಿಮೆಯಿಂದ ಬರುವ ಕಾಯಿಲೆಗಳಿಗೆ ಪರಿಹಾರ ಕೊಡಿಸುವ ಕಾನೂನಿನ ಪಟ್ಟಿಯಲ್ಲಿ ವಿಕಿರಣದಿಂದ ಬರುವ ಕಾಯಿಲೆಗಳನ್ನೂ ಸೇರಿಸಿದ್ದಾರೆ. ಮುಂದೆಂದೋ ನಿಮಗೆ ಅಂಥ ತೊಂದರೆ ಆಗಿ ಪರಿಹಾರ ಕೇಳಲು ಹೋದರೆ ಎದುರು ಪಕ್ಷದ ವಕೀಲರು ತೋರಿಸುವುದು ಆ ಸೊನ್ನೆಗಳನ್ನೇ. ನಿಮ್ಮ ದುಡಿಮೆಯ ದಾಖಲೆಯನ್ನು ಇನ್ನೊಬ್ಬರು ಸುಳ್ಳು ಮಾಡುತ್ತಿದ್ದಾರೆ. ಇದನ್ನು ಸಣ್ಣ ವಿಷಯ ಅಂತ ಬಿಡಬೇಡಿ.

ಮಾಡಬೇಕಾದದ್ದು ಇಷ್ಟು. ನಿಮ್ಮ ಸೆಂಟರ್‌ಗೆ ರೇಡಿಯೇಶನ್ ಸೇಫ್ಟಿ ಆಫೀಸರ್ ಅಂತ ಒಬ್ಬರ ಹೆಸರು ಇರಲೇಬೇಕು. ಯಾರು ಅಂತ ತಿಳಿದುಕೊಳ್ಳಿ. ಅವರಿಗೆ ಮತ್ತು ಮಾಲೀಕರಿಗೆ ಒಂದು ಪುಟದ ಪತ್ರ ಬರೆಯಿರಿ: "ನನ್ನ ಬ್ಯಾಡ್ಜನ್ನು ನಾನೇ ಧರಿಸುತ್ತೇನೆ, ಇದುವರೆಗಿನ ನನ್ನ ಡೋಸ್ ರಿಪೋರ್ಟ್ ಕೊಡಿ." 2004ರ ವಿಕಿರಣ ಸಂರಕ್ಷಣಾ ನಿಯಮಗಳ ಪ್ರಕಾರ ನಿಮ್ಮ ಡೋಸ್ ದಾಖಲೆ ನಿಮಗೆ ಸಿಗಬೇಕು. ಪತ್ರದ ಫೋಟೊ ಇಟ್ಟುಕೊಳ್ಳಿ. ಒಬ್ಬರೇ ಹೋಗುವ ಬದಲು ಜೊತೆಯ ಟೆಕ್ನಿಶಿಯನ್ನರನ್ನೂ ಸೇರಿಸಿಕೊಳ್ಳಿ. ರಿಪೋರ್ಟ್ ಬರೆಯುವ ರೇಡಿಯಾಲಜಿ ಡಾಕ್ಟರ್ ಕಿವಿಗೂ ಹಾಕಿ, ಎಷ್ಟೋ ಕಡೆ ಕೆಲಸ ಅಲ್ಲೇ ಆಗುತ್ತದೆ. ಏನೂ ಆಗದಿದ್ದರೆ ಮುಂಬೈನ ಅಣುಶಕ್ತಿನಗರದಲ್ಲಿರುವ ಎಇಆರ್‌ಬಿಗೆ, ಅಂದರೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಗೆ ಬರೆಯಬಹುದು. ಎಕ್ಸ್‌ರೇ ಮಷಿನ್ ನಡೆಸಲು ಪರವಾನಗಿ ಕೊಡುವವರು ಅವರೇ.

ಪ್ರಶ್ನೆ: ನಾನು ಆರ್ಥೋ ಓಟಿಯಲ್ಲಿ ಸ್ಟಾಫ್ ನರ್ಸ್. ಈಗ ಎರಡು ತಿಂಗಳ ಗರ್ಭಿಣಿ. ವಾರದಲ್ಲಿ ಹೆಚ್ಚುಕಡಿಮೆ ದಿನಾ ಸೀ-ಆರ್ಮ್ (ಆಪರೇಶನ್ ನಡೆಯುವಾಗಲೇ ಎಕ್ಸ್‌ರೇ ಚಿತ್ರ ತೋರಿಸುವ ಮಷಿನ್) ಇಟ್ಟು ಆಪರೇಶನ್ ಮಾಡುತ್ತಾರೆ. ನನಗೆ ಬ್ಯಾಡ್ಜ್ ಕೊಟ್ಟಿಲ್ಲ, "ಅದು ಎಕ್ಸ್‌ರೇ ಡಿಪಾರ್ಟ್‌ಮೆಂಟ್‌ನವರಿಗೆ ಮಾತ್ರ" ಅನ್ನುತ್ತಾರೆ. ಅತ್ತೆ ಕೆಲಸ ಬಿಡು ಅಂತಿದ್ದಾರೆ. ಇನ್ಚಾರ್ಜ್ ಸಿಸ್ಟರ್‌ಗೆ ಇನ್ನೂ ಹೇಳಿಲ್ಲ.
(ಸ್ಟಾಫ್ ನರ್ಸ್, ದಾವಣಗೆರೆ)

ಉತ್ತರ: ಸಿಸ್ಟರ್, ಮೊದಲು ಇನ್ಚಾರ್ಜ್‌ಗೆ ಹೇಳಿ. ಇವತ್ತೇ ಹೇಳಿ, ಬರಹದಲ್ಲೂ ಕೊಡಿ. ನೀವು ತಿಳಿಸಿದ ಮೇಲೆ ಮಗುವಿಗೆ ತಗಲುವ ಡೋಸ್ ಉಳಿದ ತಿಂಗಳುಗಳಲ್ಲಿ 1 ಮಿಲಿಸೀವರ್ಟ್ ದಾಟದಂತೆ ನಿಮ್ಮ ಕೆಲಸ ಹೊಂದಿಸಿ ಕೊಡುವುದು ಆಸ್ಪತ್ರೆಯ ಹೊಣೆ. ಗರ್ಭಿಣಿ ಅಂತ ತಿಳಿಸಿದ್ದಕ್ಕೆ ಕೆಲಸದಿಂದ ತೆಗೆಯುವ ಹಾಗಿಲ್ಲ ಅಂತ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಸುರಕ್ಷತಾ ಮಾನದಂಡ ಸ್ಪಷ್ಟವಾಗಿ ಹೇಳುತ್ತದೆ.

ಇದುವರೆಗೆ ಆದದ್ದರ ಬಗ್ಗೆ ರಾತ್ರಿ ನಿದ್ದೆ ಕೆಡಿಸಿಕೊಳ್ಳಬೇಡಿ. ಮಗುವಿನ ಅಂಗಾಂಗಕ್ಕೆ ತೊಂದರೆ ಆಗಲು ಸುಮಾರು 100 ಮಿಲಿಗ್ರೇ (ಎಕ್ಸ್‌ರೇ ಲೆಕ್ಕದಲ್ಲಿ 1 ಮಿಲಿಗ್ರೇ ಅಂದರೆ ಹೆಚ್ಚುಕಡಿಮೆ 1 ಮಿಲಿಸೀವರ್ಟ್) ಅಥವಾ ಅದಕ್ಕಿಂತ ಜಾಸ್ತಿ ತಗಲಬೇಕು. ಏಪ್ರನ್ ಹಾಕಿ ಓಟಿಯಲ್ಲಿ ನಿಂತ ನರ್ಸ್‌ಗೆ ಎರಡು ತಿಂಗಳಲ್ಲಿ ತಗಲುವುದು ಅದರ ಹತ್ತಿರಕ್ಕೂ ಬರುವುದಿಲ್ಲ. ಸ್ಕ್ಯಾನ್ ಮಾಡುವ ಡಾಕ್ಟರ್‌ಗೆ ವಿಷಯ ಹೇಳಿಡಿ, ಸಾಕು.

ಇನ್ನು ಬ್ಯಾಡ್ಜ್. ಎಕ್ಸ್‌ರೇ ಡಿಪಾರ್ಟ್‌ಮೆಂಟ್‌ನ ಟೆಕ್ನಿಶಿಯನ್ ಲೆಡ್ ತಡೆಯ ಹಿಂದೆ ನಿಂತಿರುತ್ತಾನೆ. ನೀವು ಟೇಬಲ್ ಪಕ್ಕದಲ್ಲೇ, ಕಿರಣ ಚೆದರುವ ಜಾಗದಲ್ಲೇ ನಿಂತಿರುತ್ತೀರಿ. ಆತನಿಗೆ ಬ್ಯಾಡ್ಜ್ ಇದೆ, ನಿಮಗಿಲ್ಲ! ನಿಮ್ಮ ಊರಲ್ಲಷ್ಟೇ ಅಲ್ಲ, ಎಷ್ಟೋ ಓಟಿಗಳಲ್ಲಿ ಹೀಗೇ. ಸ್ಕ್ರಬ್ ನರ್ಸ್, ಅನಸ್ತೇಶಿಯಾ ಟೆಕ್ನಿಶಿಯನ್, ಕಾಲು ಎತ್ತಿ ಹಿಡಿಯುವ ವಾರ್ಡ್ ಬಾಯ್, ಯಾರ ಹೆಸರೂ ಲೆಕ್ಕದಲ್ಲಿ ಇರುವುದಿಲ್ಲ. ಸೀ-ಆರ್ಮ್ ಬಳಿ ನಿಯಮಿತವಾಗಿ ಕೆಲಸ ಮಾಡುವವರೆಲ್ಲ ವಿಕಿರಣ ಕೆಲಸಗಾರರೇ. ಬ್ಯಾಡ್ಜ್ ಕೇಳುವುದು ನಿಮ್ಮ ಹಕ್ಕು. ಬಂದ ಮೇಲೆ, ಹೊಟ್ಟೆಯ ಮಟ್ಟದಲ್ಲಿ ಏಪ್ರನ್ ಒಳಗೆ ಇನ್ನೊಂದು ಹಾಕಿಕೊಳ್ಳುವ ಬಗ್ಗೆ ಸೇಫ್ಟಿ ಆಫೀಸರ್ ಹತ್ತಿರ ಮಾತಾಡಿ.

ಓಟಿಯಲ್ಲಿ ನಿಲ್ಲುವ ಜಾಗವೇ ಅರ್ಧ ರಕ್ಷಣೆ. ಕಿರಣ ಬರುವುದು ಟ್ಯೂಬಿನಿಂದ. ಅದು ರೋಗಿಯ ಮೈಗೆ ಬಡಿದು ಬಂದ ಕಡೆಗೇ ಹೆಚ್ಚು ಚೆದರುತ್ತದೆ. ಹಾಗಾಗಿ ಟ್ಯೂಬ್ ಟೇಬಲ್ ಕೆಳಗೆ, ಚಿತ್ರ ಹಿಡಿಯುವ ಅಗಲವಾದ ಭಾಗ ಮೇಲೆ, ರೋಗಿಗೆ ಆದಷ್ಟು ಹತ್ತಿರ ಇರಬೇಕು. ತೊಡೆಮೂಳೆಯ ಕತ್ತಿನ ಭಾಗಕ್ಕೆ ಸ್ಕ್ರೂ ಹಾಕುವಾಗ ಸೀ-ಆರ್ಮ್ ಅಡ್ಡ ತಿರುಗಿಸುತ್ತಾರೆ, ಅಲ್ವಾ? ಆಗ ಟ್ಯೂಬ್ ಇರುವ ಕಡೆ ನಿಲ್ಲಬೇಡಿ, ಎದುರು ಬದಿಗೆ ಬನ್ನಿ. ಡಾಕ್ಟರ್ "ಶೂಟ್" ಅಂದಾಗ ಕೈಯಲ್ಲಿ ಕೆಲಸ ಇಲ್ಲದಿದ್ದರೆ ಎರಡು ಹೆಜ್ಜೆ ಹಿಂದೆ ಸರಿಯಿರಿ. 1 ಮೀಟರ್ ದೂರದಲ್ಲಿದ್ದವರು 2 ಮೀಟರ್‌ಗೆ ಹೋದರೆ ತಗಲುವುದು ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಟ್ರಾಲಿ ಕಡೆ ತಿರುಗಿದಾಗ ನಿಮ್ಮ ಬೆನ್ನು ಸೀ-ಆರ್ಮ್ ಕಡೆ ಇರುತ್ತದೆ. ಮುಂದೆ ಮಾತ್ರ ಮುಚ್ಚುವ ಏಪ್ರನ್ ಆಗ ಪ್ರಯೋಜನಕ್ಕೆ ಬರುವುದಿಲ್ಲ. ಸುತ್ತಲೂ ಮುಚ್ಚುವ, ಮೇಲೊಂದು ಕೆಳಗೊಂದು ಇರುವ ಏಪ್ರನ್ ಕೇಳಿ. ಭಾರವೂ ಭುಜದ ಮೇಲೆ ಪೂರ್ತಿ ಬೀಳದೆ ಸೊಂಟಕ್ಕೂ ಹಂಚಿಕೊಳ್ಳುತ್ತದೆ.

ಏಪ್ರನ್ ಹಾಕುವ ಮೊದಲು ಅದರ ಸ್ಥಿತಿ ನೋಡಿ. ಮಡಚಿ ಸ್ಟೂಲ್ ಮೇಲೆ ಎಸೆದ ಏಪ್ರನ್ ಮಡಿಕೆಯ ಜಾಗದಲ್ಲಿ ಒಳಗಿನಿಂದ ಸೀಳುತ್ತದೆ. ಹೊರಗಿನ ಬಟ್ಟೆ ಹೊಸದರ ಹಾಗೇ ಕಾಣುತ್ತದೆ. ನಾನು ಕೆಲಸದಲ್ಲಿದ್ದಾಗ ಅವನ್ನೆಲ್ಲ ಟೇಬಲ್ ಮೇಲೆ ಹರಡಿ ಫ್ಲೋರೋಸ್ಕೋಪಿಯಲ್ಲಿ, ಅಂದರೆ ಪರದೆಯ ಮೇಲೆ ನೇರವಾಗಿ ಕಾಣುವ ಎಕ್ಸ್‌ರೇಯಲ್ಲಿ, ನೋಡುತ್ತಿದ್ದೆ. ಸೊಂಟದ ಮಟ್ಟದಲ್ಲಿ ಅಡ್ಡಕ್ಕೆ ಓಡಿದ ಸೀಳು ಪರದೆಯ ಮೇಲೆ ಗೆರೆ ಎಳೆದಂತೆ ಕಾಣುತ್ತಿತ್ತು. ಗರ್ಭಿಣಿಯರಿಗೆ ಬೇಕಾದದ್ದೇ ಆ ಜಾಗದ ರಕ್ಷಣೆ. ಅಂಥವನ್ನು ಅವತ್ತೇ ತೆಗೆದುಹಾಕುತ್ತಿದ್ದೆವು. ನಿಮ್ಮ ಓಟಿಯ ಏಪ್ರನ್‌ಗಳನ್ನು ಕೊನೆಯ ಸಲ ಯಾವಾಗ ಹೀಗೆ ಪರೀಕ್ಷೆ ಮಾಡಿದ್ದಾರೆ ಅಂತ ಕೇಳಿ.

ಅತ್ತೆಯವರಿಗೆ ಹೇಳಿ, ಕೆಲಸ ಬಿಡುವ ಅಗತ್ಯ ಇಲ್ಲ. ಡೆಲಿವರಿ ಆಗುವ ತನಕ ಸೀ-ಆರ್ಮ್ ಇಲ್ಲದ ಓಟಿಗೋ ವಾರ್ಡ್‌ಗೋ ಹಾಕಿಕೊಟ್ಟರೆ ಮನಸ್ಸಿಗೆ ನೆಮ್ಮದಿ. ಕೇಳುವುದರಲ್ಲಿ ತಪ್ಪೇನೂ ಇಲ್ಲ.

ಪ್ರಶ್ನೆ: ಐಸಿಯುಗೆ ಪೋರ್ಟಬಲ್ ಎಕ್ಸ್‌ರೇ ತಂದು "ಎಕ್ಸ್‌ರೇ!" ಅಂತ ಕೂಗಿದ ಕೂಡಲೇ ನಾವೆಲ್ಲ ಹೊರಗೆ ಓಡುತ್ತೇವೆ. ವೆಂಟಿಲೇಟರ್ ಮೇಲಿರುವ ರೋಗಿಯನ್ನು ಬಿಟ್ಟು ಓಡುವುದು ಸರೀನಾ?
(ಐಸಿಯು ನರ್ಸ್, ಬೆಳಗಾವಿ)

ಉತ್ತರ: ಓಡಬೇಕಾಗಿಲ್ಲ. ಆ ರೋಗಿಯಿಂದ 2 ಮೀಟರ್ ದೂರ, ಕಿರಣ ಹೋಗುವ ದಿಕ್ಕು ಬಿಟ್ಟು ನಿಲ್ಲಿ. ಒಂದು ಎದೆಯ ಎಕ್ಸ್‌ರೇಯಲ್ಲಿ ರೋಗಿಗೇ ಸಿಗುವುದು ಸುಮಾರು 0.02 ಮಿಲಿಸೀವರ್ಟ್. ಅದರಿಂದ ಚೆದರಿ ಅಷ್ಟು ದೂರಕ್ಕೆ ಬರುವುದು ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ರೋಗಿಯನ್ನು ಬಿಡಲು ಆಗದಿದ್ದರೆ ಏಪ್ರನ್ ಹಾಕಿ ಪಕ್ಕದಲ್ಲೇ ಇರಿ. ಎಕ್ಸ್‌ಪೋಶರ್ ಮುಗಿದ ಕ್ಷಣ ಕಿರಣವೂ ಮುಗಿಯಿತು. ಕೋಣೆಯಲ್ಲಿ, ಹಾಸಿಗೆಯಲ್ಲಿ, ಗಾಳಿಯಲ್ಲಿ ಏನೂ ಉಳಿಯುವುದಿಲ್ಲ.

ಪ್ರಶ್ನೆ: ಮಗಳಿಗೆ ಒಂದು ಸಂಬಂಧ ಬಂದಿದೆ. ಹುಡುಗ ಒಳ್ಳೆಯವನು, ಎಕ್ಸ್‌ರೇ ಟೆಕ್ನಿಶಿಯನ್. ಇಂಥವರಿಗೆ ಮಕ್ಕಳಾಗಲ್ಲ, ಆದರೂ ಬರೀ ಹೆಣ್ಣು ಮಕ್ಕಳೇ ಆಗ್ತವೆ ಅಂತ ನೆಂಟರು ಹೇಳುತ್ತಿದ್ದಾರೆ. ನಿಜಾನಾ?
(ಒಬ್ಬ ತಾಯಿ, ಶಿವಮೊಗ್ಗ)

ಉತ್ತರ: ಇಲ್ಲಮ್ಮ. ಈ ಮಾತು ರೇಡಿಯಾಲಜಿ ವಿಭಾಗಗಳ ಒಳಗೂ ಓಡಾಡುತ್ತದೆ, ಅದಕ್ಕೆ ಆಧಾರ ಇಲ್ಲ. ಗಂಡಸರಲ್ಲಿ ವೀರ್ಯದ ಸಂಖ್ಯೆ ತಾತ್ಕಾಲಿಕವಾಗಿ ಕುಸಿಯಬೇಕಾದರೂ ಆ ಭಾಗಕ್ಕೆ ಒಂದೇ ಸಲಕ್ಕೆ ಸುಮಾರು 100 ಮಿಲಿಗ್ರೇ ತಗಲಬೇಕು. ಸರಿಯಾಗಿ ಕೆಲಸ ಮಾಡುವ ಟೆಕ್ನಿಶಿಯನ್‌ಗೆ ಇಡೀ ಸರ್ವೀಸಿನಲ್ಲಿ ಅಷ್ಟು ಆಗುವುದು ಅಪರೂಪ. ಹಿರೋಶಿಮಾ, ನಾಗಸಾಕಿಯಲ್ಲಿ ಬದುಕುಳಿದವರಿಗೆ ಆಮೇಲೆ ಹುಟ್ಟಿದ ಮಕ್ಕಳನ್ನು ದಶಕಗಳ ಕಾಲ ಪರೀಕ್ಷಿಸಿದ್ದಾರೆ. ಅಪ್ಪ ಅಮ್ಮನಿಗೆ ತಗಲಿದ ವಿಕಿರಣದಿಂದ ಆ ಮಕ್ಕಳಲ್ಲಿ ಹುಟ್ಟು ದೋಷ ಹೆಚ್ಚಾದದ್ದು ಕಂಡುಬಂದಿಲ್ಲ.

ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ, ಅದನ್ನೂ ಹೇಳಬೇಕು. ರಾಂಟ್ಜೆನ್ 1895ರಲ್ಲಿ ಎಕ್ಸ್‌ರೇ ಕಂಡುಹಿಡಿದಾಗ ಅದರ ಅಪಾಯ ಯಾರಿಗೂ ಗೊತ್ತಿರಲಿಲ್ಲ. ಎಡಿಸನ್‌ನ ಸಹಾಯಕ ಕ್ಲಾರೆನ್ಸ್ ಡ್ಯಾಲಿ ತನ್ನ ಕೈಯನ್ನೇ ಕಿರಣಕ್ಕೆ ಒಡ್ಡಿ ಟ್ಯೂಬ್ ಪರೀಕ್ಷೆ ಮಾಡುತ್ತಿದ್ದ. ಕೈಗಳನ್ನು ಕತ್ತರಿಸಬೇಕಾಯಿತು, 1904ರಲ್ಲಿ ತೀರಿಕೊಂಡ. ಹೀಗೆ ಸತ್ತ ಡಾಕ್ಟರು, ಟೆಕ್ನಿಶಿಯನ್, ನರ್ಸ್‌ಗಳ ಹೆಸರು ಕೆತ್ತಿದ ಸ್ಮಾರಕವೊಂದು ಜರ್ಮನಿಯ ಹ್ಯಾಂಬರ್ಗ್‌ನಲ್ಲಿದೆ. 1936ರಲ್ಲಿ ಅದನ್ನು ನಿಲ್ಲಿಸಿದಾಗಲೇ 169 ಹೆಸರುಗಳಿದ್ದವು. ಇವತ್ತಿನ ಲೆಡ್ ಗೋಡೆ, ಬ್ಯಾಡ್ಜ್, ಡೋಸ್ ಮಿತಿ ಎಲ್ಲ ಬಂದದ್ದು ಅವರು ಅನುಭವಿಸಿದ ಮೇಲೆ. ಹುಡುಗನನ್ನು ಕೇಳುವುದಾದರೆ ಒಂದೇ ಪ್ರಶ್ನೆ ಕೇಳಿ: ಬ್ಯಾಡ್ಜ್ ಹಾಕ್ತೀಯಾ ಅಂತ.

ಪ್ರಶ್ನೆ: ನಮ್ಮ ತಾಯಿ ದೊಡ್ಡಾಸ್ಪತ್ರೆಯಲ್ಲಿ ಆಯಾ. ಥೈರಾಯ್ಡ್ ಕ್ಯಾನ್ಸರ್‌ನವರಿಗೆ ವಿಕಿರಣ ಇರುವ ಅಯೋಡಿನ್ ಕೊಟ್ಟು ಇಡುವ ರೂಮುಗಳನ್ನು ಗುಡಿಸಿ ಒರೆಸುತ್ತಾರೆ. ಈಚೆಗೆ ಅವರಿಗೆ ಕೂದಲು ತುಂಬಾ ಉದುರುತ್ತಿದೆ. ಕೇಳಿದರೆ "ಗ್ಲೌಸ್ ಹಾಕಿಕೋ" ಅಷ್ಟೇ ಅನ್ನುತ್ತಾರಂತೆ.
(ಮಗ, ಬೆಂಗಳೂರು)

ಉತ್ತರ: ಕೂದಲು ಉದುರುವುದಕ್ಕೆ ಇದು ಕಾರಣ ಇರಲಾರದು. ವಿಕಿರಣದಿಂದ ಕೂದಲು ಉದುರಬೇಕಾದರೆ ತಲೆಗೆ ಸುಮಾರು 3 ಗ್ರೇ, ಅಂದರೆ 3000 ಮಿಲಿಗ್ರೇ ತಗಲಬೇಕು. ರೂಮು ಒರೆಸುವವರಿಗೆ ಅಷ್ಟು ತಗಲುವುದಿಲ್ಲ. ಹಿಮೋಗ್ಲೋಬಿನ್, ಥೈರಾಯ್ಡ್ ಪರೀಕ್ಷೆ ಮಾಡಿಸಿ, ಅವೇ ಸಾಮಾನ್ಯ ಕಾರಣಗಳು.

ಆದರೆ "ಗ್ಲೌಸ್ ಹಾಕಿಕೋ" ಅನ್ನುವುದು ಉತ್ತರವೇ ಅಲ್ಲ. ಎಕ್ಸ್‌ರೇ ಹಾಗೆ ಇದು ಸ್ವಿಚ್ ಆರಿಸಿದರೆ ನಿಲ್ಲುವುದಿಲ್ಲ. ಆ ರೋಗಿಗಳು ಕುಡಿಯುವ ಅಯೋಡಿನ್-131 ಅರ್ಧಕ್ಕೆ ಇಳಿಯಲು 8 ದಿನ ಬೇಕು. ಅದು ಮೂತ್ರ, ಬೆವರು, ಎಂಜಲಿನಲ್ಲಿ ಹೊರಬರುತ್ತದೆ. ಕಮೋಡ್ ಸುತ್ತ, ವಾಶ್‌ಬೇಸಿನ್, ದಿಂಬಿನ ಕವರು, ಟೆಲಿಫೋನ್, ಬಾಗಿಲ ಹಿಡಿ, ಎಲ್ಲಿ ಬೇಕಾದರೂ ಅಂಟಿರಬಹುದು. ಕಣ್ಣಿಗೆ ಕಾಣದು, ವಾಸನೆ ಇಲ್ಲ. ಕೈಗೆ ಅಂಟಿದ್ದು ಎಲೆ ಅಡಿಕೆ ಜೊತೆ ಬಾಯಿಗೆ ಹೋದರೆ ನೇರವಾಗಿ ಅವರ ಥೈರಾಯ್ಡ್‌ಗೆ ಹೋಗಿ ಕೂರುತ್ತದೆ.

ನಿಮ್ಮ ತಾಯಿಗೆ ಇಷ್ಟು ಸಿಗಬೇಕು. ರೋಗಿ ಹೋದ ಮೇಲೆ ಮೀಟರ್ ಹಿಡಿದು ರೂಮು ಅಳೆದು "ಈಗ ಹೋಗಬಹುದು" ಅಂತ ಹೇಳಿದ ನಂತರವೇ ಒಳಗೆ ಹೋಗಬೇಕು. ಗ್ಲೌಸ್ ಜೊತೆ ಕಾಲಿಗೆ ಕವರು, ಮೇಲೊಂದು ಗೌನು. ಆ ರೂಮಿನ ಮಾಪು ಬೇರೆ ಕಡೆಗೆ ಹೋಗಬಾರದು. ಚಾದರಗಳನ್ನು ಧೋಬಿಗೆ ಹಾಕುವಂತಿಲ್ಲ, ಬೇರೆ ಇಟ್ಟು ಮಟ್ಟ ಇಳಿದ ಮೇಲೆ ಒಗೆಯಬೇಕು. ಹೊರಗೆ ಬಂದ ಕೂಡಲೇ ಕೈ ತೊಳೆದು, ಕೈಕಾಲು ಮೀಟರ್‌ಗೆ ಹಿಡಿಯಬೇಕು. ಅವರ ಹೆಸರಿಗೂ ಬ್ಯಾಡ್ಜ್ ಬೇಕು. ಕನ್ನಡದಲ್ಲಿ, ಅವರಿಗೆ ಅರ್ಥವಾಗುವ ಹಾಗೆ, ಒಬ್ಬರು ಕೂತು ಹೇಳಿಕೊಡಬೇಕು. ಗುತ್ತಿಗೆ ಕೆಲಸದವರು ಅನ್ನುವ ನೆಪ ನಡೆಯುವುದಿಲ್ಲ. ಅಯೋಡಿನ್‌ಗೆ ಪರ್ಮನೆಂಟ್ ಯಾರು, ಗುತ್ತಿಗೆ ಯಾರು ಅಂತ ಗೊತ್ತಾಗುವುದಿಲ್ಲ. ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದ ಸೇಫ್ಟಿ ಆಫೀಸರ್‌ರನ್ನು ನೀವೇ ಹೋಗಿ ಭೇಟಿ ಮಾಡಿ. ತಾಯಿಯ ಕುತ್ತಿಗೆಯ ಹತ್ತಿರ ಮೀಟರ್ ಇಟ್ಟು ನೋಡಲು ಕೇಳಿ, ನಿಮಿಷಗಳ ಕೆಲಸ ಅದು.

ಪ್ರಶ್ನೆ: ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸುತ್ತೇವೆ, ನಾರ್ಮಲ್ ಇದೆ. ಜೊತೆಗೆ ದಿನಾ ಹಾಲು, ಬಾಳೆಹಣ್ಣು ತಗೋತೀವಿ. ಸಾಕಲ್ಲವಾ?
(ಸೀಟಿ ಟೆಕ್ನಿಶಿಯನ್, ಕಲಬುರಗಿ)

ಉತ್ತರ: ಹಾಲು, ಬಾಳೆಹಣ್ಣು ಮೈಗೆ ಒಳ್ಳೆಯದು, ವಿಕಿರಣಕ್ಕೂ ಅದಕ್ಕೂ ಸಂಬಂಧ ಇಲ್ಲ. ರಕ್ತದ ಎಣಿಕೆಯಲ್ಲಿ ವ್ಯತ್ಯಾಸ ಕಾಣಬೇಕಾದರೆ ನೂರಾರು ಮಿಲಿಸೀವರ್ಟ್ ಒಮ್ಮೆಗೇ ತಗಲಿರಬೇಕು. ಅದಕ್ಕಿಂತ ಕೆಳಗಿನದನ್ನು ಆ ಪರೀಕ್ಷೆ ಹಿಡಿಯುವುದಿಲ್ಲ. ವಾರ್ಷಿಕ ತಪಾಸಣೆ ತಪ್ಪಿಸಬೇಡಿ, ಅದರ ರಿಪೋರ್ಟನ್ನು ಡೋಸ್ ರಿಪೋರ್ಟ್ ಅಂದುಕೊಳ್ಳಲೂ ಬೇಡಿ.

ಪ್ರಶ್ನೆ: ಕ್ಯಾಥ್‌ಲ್ಯಾಬ್‌ನಲ್ಲಿ (ಎಕ್ಸ್‌ರೇ ನೋಡುತ್ತಾ ಹೃದಯದ ರಕ್ತನಾಳಕ್ಕೆ ಚಿಕಿತ್ಸೆ ಮಾಡುವ ಕೋಣೆ) ಡಾಕ್ಟರ್ ಪಕ್ಕ ನಿಂತು ಕೆಲಸ. ಏಪ್ರನ್, ಥೈರಾಯ್ಡ್ ಕಾಲರ್ ಇದೆ. ಲೆಡ್ ಕನ್ನಡಕ ಡಾಕ್ಟರ್‌ಗೆ ಮಾತ್ರ ಒಂದು ಇದೆ. ಕಣ್ಣಿಗೆ ಏನಾದರೂ ಆಗುತ್ತಾ?
(ಕ್ಯಾಥ್‌ಲ್ಯಾಬ್ ಟೆಕ್ನಿಶಿಯನ್, ಮೈಸೂರು)

ಉತ್ತರ: ಆಗಬಹುದು. ಕಣ್ಣಿನ ಮಸೂರ ನಾವು ಮೊದಲು ಅಂದುಕೊಂಡಿದ್ದಕ್ಕಿಂತ ಸೂಕ್ಷ್ಮ ಅಂತ ಗೊತ್ತಾಗಿದೆ. ಅಂತರರಾಷ್ಟ್ರೀಯ ವಿಕಿರಣ ಸಂರಕ್ಷಣಾ ಆಯೋಗ 2011ರಲ್ಲಿ ಕಣ್ಣಿನ ಮಿತಿಯನ್ನು ವರ್ಷಕ್ಕೆ 150 ಮಿಲಿಸೀವರ್ಟ್‌ನಿಂದ ಸರಾಸರಿ 20ಕ್ಕೆ ಇಳಿಸಲು ಶಿಫಾರಸು ಮಾಡಿತು. ಕ್ಯಾಥ್‌ಲ್ಯಾಬ್‌ನ ಡಾಕ್ಟರ್, ನರ್ಸ್, ಟೆಕ್ನಿಶಿಯನ್ನರಲ್ಲಿ ಮಸೂರದ ಹಿಂಭಾಗ ಮಬ್ಬಾಗುವ ರೀತಿಯ ಪೊರೆ ಬೇರೆಯವರಿಗಿಂತ ಹೆಚ್ಚು ಕಂಡಿದೆ.

ಕನ್ನಡಕಕ್ಕೂ ಮೊದಲು, ಮೇಲಿನಿಂದ ತೂಗುಬಿಟ್ಟ ಲೆಡ್ ಗಾಜಿನ ಪರದೆ ನಿಮ್ಮಲ್ಲಿ ಇದೆಯಾ ನೋಡಿ. ಇದ್ದೂ ಮೂಲೆಗೆ ತಳ್ಳಿರುವ ಕಡೆಗಳು ಬೇಕಾದಷ್ಟಿವೆ. ಅದನ್ನು ರೋಗಿಯ ಎದೆಯ ಹತ್ತಿರಕ್ಕೆ ಎಳೆದುಕೊಂಡರೆ ಹಿಂದೆ ನಿಂತ ಎಲ್ಲರ ಮುಖಕ್ಕೂ ರಕ್ಷಣೆ. ಟೇಬಲ್ ಕೆಳಗಿನ ಲೆಡ್ ಪರದೆ ಕಾಲುಗಳಿಗೆ. ಸಿನೆ, ಅಂದರೆ ಎಕ್ಸ್‌ರೇ ವಿಡಿಯೊ ರೆಕಾರ್ಡ್, ತೆಗೆಯುವಾಗ ಕಿರಣ ಮಾಮೂಲಿ ಫ್ಲೋರೋಗಿಂತ ಹಲವು ಪಟ್ಟು ಜಾಸ್ತಿ, ಆಗ ನೀವು ಹಿಂದೆ ಸರಿಯಲೇಬೇಕು. ಕಣ್ಣು ತೋರಿಸುವಾಗ ಪಾಪೆ ಹಿಗ್ಗಿಸಿ ಸ್ಲಿಟ್ ಲ್ಯಾಂಪ್‌ನಲ್ಲಿ ನೋಡಿ ಅಂತ ಹೇಳಿ. ಕನ್ನಡಕ ಪಕ್ಕದಿಂದಲೂ ಮುಚ್ಚುವಂಥದ್ದು ಇರಬೇಕು, ಏಕೆಂದರೆ ನೀವು ನೋಡುವುದು ಮಾನಿಟರ್ ಕಡೆ, ಕಿರಣ ಬರುವುದು ಪಕ್ಕದಲ್ಲಿರುವ ರೋಗಿಯಿಂದ. ಪವರ್ ಇದ್ದರೆ ನಿಮ್ಮ ನಂಬರಿಗೇ ಮಾಡಿಸಿಕೊಡುತ್ತಾರೆ. ಖರೀದಿ ಅರ್ಜಿಯಲ್ಲಿ "ಡಾಕ್ಟರಿಗೆ" ಅಂತ ಬರೆಯದೆ "ಟೇಬಲ್ ಬಳಿ ನಿಲ್ಲುವ ಎಲ್ಲರಿಗೆ" ಅಂತ ಬರೆಸಿ, ಸೇಫ್ಟಿ ಆಫೀಸರ್ ಸಹಿ ಹಾಕಿಸಿ ಕಳಿಸಿ.